ಸಂಕಲ್ಪವೂ ಕರ್ಮೇಂದ್ರಿಯಗಳೂ
(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ವಿಷಯವು ಹೊಸದು. ಮಿದುಳಿನಲ್ಲಿ ಹುಟ್ಟುವ ವಿದ್ಯುತ್ತಿನ ಚಲನೆಯನ್ನು ಹಿಡಿದು, ಗಣಕಯಂತ್ರದ ಮೂಲಕ ಅದರ ಅರ್ಥವನ್ನು ತಿಳಿದು, ಕೈಕಾಲು ಬಿದ್ದವರಿಗೂ ಮಾತು ಹೋದವರಿಗೂ ಮರಳಿ ಕಾರ್ಯಶಕ್ತಿಯನ್ನು ಒದಗಿಸುವ ಒಂದು ವಿದ್ಯೆಯನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಆಡಬೇಕಾಗಿದೆ. ಪಾಶ್ಚಾತ್ಯರು ಇದನ್ನು ಬ್ರೈನ್-ಕಂಪ್ಯೂಟರ್ ಇಂಟರ್‌ಫೇಸ್ ಎಂದು ಕರೆಯುವರು. ನಾವು ಮಿದುಳಿಗೂ ಗಣಕಯಂತ್ರಕ್ಕೂ ಆದ ಸಂಧಿ ಎನ್ನಬಹುದು. ತರ್ಕವ್ಯಾಕರಣಗಳನ್ನು ಪಾಠಶಾಲೆಯಲ್ಲಿ ಓದಿದವನಿಗೆ ಈ ಯಂತ್ರಗಳ ಗೊಡವೆ ಏಕೆಂದು ಯಾರಾದರೂ ಕೇಳಿದರೆ ಅದು ಸಹಜವಾದ ಶಂಕೆಯೇ ಸರಿ. ಆದರೆ ಯಂತ್ರವು ಹೊಸದಾದರೂ ಅದರ ಹಿಂದಿರುವ ಪ್ರಶ್ನೆಯು ಬಹು ಹಳೆಯದು. ನಮ್ಮ ಶಾಸ್ತ್ರಕಾರರು ಜ್ಞಾನೇಂದ್ರಿಯಗಳು ಐದು, ಕರ್ಮೇಂದ್ರಿಯಗಳು ಐದು ಎಂದು ಎಣಿಸಿದ್ದಾರೆ. ವಾಕ್ಕು, ಪಾಣಿ, ಪಾದ, ಪಾಯು, ಗುಹ್ಯ ಎಂಬಿವೇ ಕರ್ಮೇಂದ್ರಿಯಗಳು. ಇವುಗಳ ಹಿಂದೆ ಮನಸ್ಸು ನಿಂತು ಸಂಕಲ್ಪಿಸುವದು. ಇವು ಆ ಸಂಕಲ್ಪವನ್ನು ನಡೆಯಿಸುವವು. ಹೀಗಿರಲು, ಕರ್ಮೇಂದ್ರಿಯಗಳೆಲ್ಲವೂ ಒಮ್ಮೆಲೇ ನಿಂತುಹೋದರೆ ಸಂಕಲ್ಪವೂ ಕೂಡ ನಂದುವದೋ, ಇಲ್ಲವೆ ಬಾಗಿಲು ಮುಚ್ಚಿದ ಮನೆಯೊಳಗಿನ ದೀಪದಂತೆ ಒಳಗೆ ಉರಿಯುತ್ತಲೇ ಇರುವದೋ? ಹಿಂದೆ ಇದನ್ನು ಅನುಮಾನದಿಂದ ಸಾಧಿಸಬೇಕಾಗಿದ್ದಿತು. ಈಗ ಪ್ರತ್ಯಕ್ಷಪ್ರಮಾಣವೇ ದೊರೆತಿದೆ. ಆ ಪ್ರಮಾಣವನ್ನೂ ಅದರಿಂದ ನಮ್ಮೆಲ್ಲರಿಗೆ ಒದಗುವ ಒಂದು ಕರ್ತವ್ಯವನ್ನೂ ನಿವೇದಿಸುವದೇ ಈ ಉಪನ್ಯಾಸದ ಉದ್ದೇಶವು.

ಮೊದಲು ಯಂತ್ರವಿಲ್ಲದ ಒಂದು ದೃಷ್ಟಾಂತವನ್ನು ಕೇಳಿರಿ. ಫ್ರಾನ್ಸ್ ದೇಶದಲ್ಲಿ ಜಾನ್-ದೊಮಿನಿಕ್ ಬೋಬಿ ಎಂಬ ಪತ್ರಿಕಾಸಂಪಾದಕನಿದ್ದನು. 1995ನೆಯ ಇಸವಿಯ ಡಿಸೆಂಬರ್ 8ರಂದು ಅವನಿಗೆ ಮಿದುಳಿನ ಬುಡದಲ್ಲಿ ಪಾರ್ಶ್ವವಾಯುವಿನ ಆಘಾತವಾಯಿತು. ಆಗ ಅವನ ವಯಸ್ಸು 43. ಎಚ್ಚರವಾದ ಮೇಲೆ ನೋಡಿದರೆ ಕೈಯಿಲ್ಲ, ಕಾಲಿಲ್ಲ, ಮಾತಿಲ್ಲ; ಎಡಗಣ್ಣಿನ ರೆಪ್ಪೆಯೊಂದೇ ಅವನ ವಶದಲ್ಲಿ ಉಳಿದಿದ್ದಿತು. ಫ್ರೆಂಚ್ ನುಡಿಯಲ್ಲಿ ಯಾವ ಅಕ್ಷರವು ಹೆಚ್ಚು ಬರುವದೋ ಅದು ಮೊದಲು ಬರುವಂತೆ ವರ್ಣಮಾಲೆಯನ್ನು ಹೊಂದಿಸಿಕೊಂಡು, ಬಳಿಯಲ್ಲಿ ಕುಳಿತವರು ಒಂದೊಂದೇ ಅಕ್ಷರವನ್ನು ಉಚ್ಚರಿಸುತ್ತ ಹೋಗುವರು. ತನಗೆ ಬೇಕಾದ ಅಕ್ಷರವು ಬಂದಾಗ ಅವನು ರೆಪ್ಪೆಯನ್ನು ಮಿಟುಕಿಸುವನು. ಹೀಗೆ ಅಕ್ಷರಕ್ಕೆ ಅಕ್ಷರವನ್ನು ಕೂಡಿಸಿ ಅವನು ಒಂದು ಸಂಪೂರ್ಣ ಗ್ರಂಥವನ್ನೇ ಬರೆಯಿಸಿದನು. ಅದು 1997ರ ಮಾರ್ಚ್ ತಿಂಗಳಲ್ಲಿ ಪ್ರಕಟವಾಯಿತು. ಅದಾದ ಕೆಲವೇ ದಿನಗಳಲ್ಲಿ ಅವನು ತೀರಿಕೊಂಡನು. ಈ ಸ್ಥಿತಿಗೆ ವೈದ್ಯರು ಲಾಕ್ಡ್-ಇನ್, ಎಂದರೆ ಒಳಗೆ ಬೀಗ ಹಾಕಲ್ಪಟ್ಟ ಸ್ಥಿತಿ, ಎಂದು ಹೆಸರಿಟ್ಟಿರುವರು. ಬೋಬಿಯ ಬಳಿಯಲ್ಲಿ ಅಕ್ಷರಗಳನ್ನು ತಾಳ್ಮೆಯಿಂದ ಹೇಳುವವರು ಇಲ್ಲದೆ ಹೋಗಿದ್ದರೆ ಆ ಗ್ರಂಥವೆಲ್ಲವೂ ಅವನೊಳಗೇ ಉಳಿದು ಅವನೊಡನೆಯೇ ಹೋಗುತ್ತಿದ್ದಿತು. ಇದನ್ನು ತಾವು ನೆನಪಿನಲ್ಲಿಡಬೇಕು.

ಇನ್ನು ದೇಹದಲ್ಲಿ ನಡೆಯುವ ವ್ಯಾಪಾರವನ್ನು ಸಂಕ್ಷೇಪವಾಗಿ ಹೇಳುವೆನು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿರುವವು. ನಾವು ಕೈಯನ್ನೆತ್ತಬೇಕೆಂದು ಬಗೆದೊಡನೆ, ನೆತ್ತಿಯಿಂದ ಕಿವಿಯ ಕಡೆಗೆ ಪಟ್ಟಿಯಂತೆ ಇಳಿದಿರುವ ಒಂದು ಭಾಗದಲ್ಲಿ ಅನೇಕ ಕೋಶಗಳು ಅತ್ಯಲ್ಪವಾದ ವಿದ್ಯುತ್ತನ್ನು ಮಿಡಿಯುವವು. ಆ ಆಜ್ಞೆಯು ಮಿದುಳಿನ ಬುಡದಿಂದ ಬೆನ್ನುಹುರಿಗೆ ಇಳಿದು, ಅಲ್ಲಿಂದ ನರತಂತುಗಳನ್ನು ಹಿಡಿದು ಸ್ನಾಯುಗಳನ್ನು ಮುಟ್ಟುವದು. ಈ ದಾರಿಯು ಎಲ್ಲಿಯಾದರೂ ಕಡಿಯಬಹುದು. ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ ಅಲ್ಲಿ ಕಡಿಯುವದು. ಪಾರ್ಶ್ವವಾಯುವಾದರೆ ಮಿದುಳಿನಲ್ಲಿ ಅಥವಾ ಅದರ ಬುಡದಲ್ಲಿ ಕಡಿಯುವದು. ಎ.ಎಲ್.ಎಸ್. ಎಂಬ ರೋಗದಲ್ಲಿ ಆಜ್ಞೆಯನ್ನು ಒಯ್ಯುವ ನರಕೋಶಗಳೇ ಕ್ರಮಕ್ರಮವಾಗಿ ಸಾಯುವವು. ಈ ಎಲ್ಲ ಸಂದರ್ಭಗಳಲ್ಲಿಯೂ ನಾವು ಹೊರಗಿನಿಂದ ಕಾಣುವದು ಅಲುಗಾಡದ ದೇಹವನ್ನು ಮಾತ್ರ. ಆಜ್ಞೆಯು ಹುಟ್ಟಲಿಲ್ಲವೋ, ಹುಟ್ಟಿಯೂ ದಾರಿ ಸಾಗಲಿಲ್ಲವೋ ಎಂಬದು ಬರಿಗಣ್ಣಿಗೆ ತೋರುವದಿಲ್ಲ. ಓಲೆಯು ಬರಲಿಲ್ಲವೆಂದ ಮಾತ್ರಕ್ಕೆ ಬರೆದವರೇ ಇಲ್ಲವೆನ್ನುವದು ಸಯುಕ್ತಿಕವಲ್ಲವಷ್ಟೆ.

ಈ ಮಿಡಿತವನ್ನು ಹಿಡಿಯಬಹುದೆಂಬದು ಒಮ್ಮೆಲೇ ತಿಳಿದುಬಂದದ್ದಲ್ಲ. ನರಗಳೊಳಗೆ ವಿದ್ಯುತ್ತಿನ ವ್ಯಾಪಾರವಿದೆಯೆಂಬದನ್ನು ಇಟಲಿಯ ಬೊಲೋನ್ಯಾ ಪಟ್ಟಣದ ಲುಯಿಗಿ ಗಾಲ್ವಾನಿಯು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಪ್ಪೆಯ ಕಾಲುಗಳ ಮೇಲೆ ಪ್ರಯೋಗಿಸಿ ತೋರಿಸಿದನು. ಜರ್ಮನಿಯ ಯೇನಾ ಪಟ್ಟಣದ ಹಾನ್ಸ್ ಬರ್ಗರ್ ಎಂಬ ವೈದ್ಯರು 1924ರಲ್ಲಿ ಮನುಷ್ಯನ ತಲೆಯಿಂದ ಮಿದುಳಿನ ವಿದ್ಯುದಲೆಗಳನ್ನು ಮೊದಲ ಸಲ ಬರೆದುಕೊಂಡು, 1929ರಲ್ಲಿ ಆ ಸಂಗತಿಯನ್ನು ಪ್ರಕಟಿಸಿದರು. 1969ರಲ್ಲಿ ಅಮೇರಿಕದ ಎಬರ್ಹಾರ್ಡ್ ಫೆಟ್ಜ್ ಎಂಬವರು ಕೋತಿಯ ಮಿದುಳಿನ ಒಂದೇ ಒಂದು ಕೋಶದ ಮಿಡಿತವನ್ನು ಒಂದು ಮುಳ್ಳಿಗೆ ಜೋಡಿಸಿ, ಮುಳ್ಳು ಏರಿದರೆ ತಿನಿಸು ಕೊಡುವ ಏರ್ಪಾಡನ್ನು ಮಾಡಿದರು. ಕೋತಿಯು ತನ್ನ ಆ ಕೋಶವನ್ನು ತಾನೇ ಏರಿಸಲು ಕಲಿತುಕೊಂಡಿತು. 1973ರಲ್ಲಿ ಲಾಸ್ ಎಂಜಲೀಸದ ಜಾಕ್ ವಿದಾಲ್ ಎಂಬ ಪ್ರಾಧ್ಯಾಪಕರು ಮಿದುಳಿಗೂ ಗಣಕಯಂತ್ರಕ್ಕೂ ನೇರವಾದ ಸಂಭಾಷಣೆಯು ಸಾಧ್ಯವೆಂದು ಬರೆದು, ಈ ವಿದ್ಯೆಗೆ ಅದರ ಹೆಸರನ್ನು ಕೊಟ್ಟರು.

ಹಿಡಿಯುವ ವಿಧಾನಗಳು ಮುಖ್ಯವಾಗಿ ಎರಡು. ಒಂದು, ತಲೆಗೆ ಟೊಪ್ಪಿಗೆಯಂತಹದನ್ನು ತೊಡಿಸಿ ಹೊರಗಿನಿಂದಲೇ ವಿದ್ಯುದಲೆಗಳನ್ನು ಗ್ರಹಿಸುವದು. ಇದರಲ್ಲಿ ಶಸ್ತ್ರಚಿಕಿತ್ಸೆಯಿಲ್ಲ, ಅಪಾಯವಿಲ್ಲ. ಆದರೆ ತಲೆಬುರುಡೆಯನ್ನು ದಾಟಿ ಬರುವ ವಿದ್ಯುತ್ತು ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವು ಹತ್ತು ಭಾಗಗಳಷ್ಟೇ. ಜಾತ್ರೆಯ ಗದ್ದಲವನ್ನು ಊರಹೊರಗೆ ನಿಂತು ಕೇಳಿದಂತೆ. ತೇರು ಹೊರಟಿತೆಂದು ತಿಳಿಯಬಹುದು, ಯಾರು ಏನು ಮಾತಾಡಿದರೆಂದು ತಿಳಿಯಲಾಗದು. ಎರಡನೆಯದು, ಬುರುಡೆಯನ್ನು ತೆರೆದು ಮಿದುಳಿನ ಮೇಲೆ ಅಥವಾ ಒಳಗೆ ಸೂಕ್ಷ್ಮವಾದ ಮೊನೆಗಳನ್ನು ಇಡುವದು. ಇವಕ್ಕೆ ಎಲೆಕ್ಟ್ರೋಡ್ ಎನ್ನುವರು. 4 ಮಿಲಿಮೀಟರ್ ಉದ್ದ, ಅಷ್ಟೇ ಅಗಲದ ಒಂದು ಚಿಕ್ಕ ಬಿಲ್ಲೆಯಲ್ಲಿ ಇಂತಹ 96 ಮೊನೆಗಳಿಂದ ಮಿಡಿತಗಳನ್ನು ಗ್ರಹಿಸುವರು. ಇದು ಜಾತ್ರೆಯೊಳಗೇ ಕುಳಿತು ಒಬ್ಬೊಬ್ಬರ ಮಾತನ್ನು ಕೇಳಿದಂತೆ. ಅನಂತರ ರೋಗಿಗೆ, ಕೈಯನ್ನು ಬಲಕ್ಕೆ ಸರಿಸುತ್ತಿರುವೆನೆಂದು ಬಗೆಯಿರಿ, ಈಗ ಎಡಕ್ಕೆ, ಈಗ ಮೇಲಕ್ಕೆ, ಎಂದು ಹೇಳುವರು. ಪ್ರತಿಯೊಂದು ಬಗೆಗೂ ಯಾವ ಕೋಶಗಳು ಹೇಗೆ ಮಿಡಿದವೆಂಬದನ್ನು ಗಣಕಯಂತ್ರವು ಗುರುತಿಟ್ಟುಕೊಂಡು, ಮುಂದೆ ಮಿಡಿತವನ್ನು ಕಂಡು ಬಗೆಯನ್ನು ಊಹಿಸುವದು. ಹೊಗೆಯಿಂದ ಬೆಂಕಿಯನ್ನು ಊಹಿಸುವ ನಮ್ಮ ತಾರ್ಕಿಕರ ವ್ಯಾಪ್ತಿಜ್ಞಾನಕ್ಕೆ ಇದು ದೂರವಾದುದಲ್ಲ. ಯಂತ್ರವು ಮನಸ್ಸನ್ನು ಓದುವದೆಂದು ಜನರು ಆಡಿಕೊಳ್ಳುವದು ಅತಿಶಯೋಕ್ತಿಯು. ಕಲಿಸಿದಷ್ಟು ಗುರುತುಗಳನ್ನು ಮಾತ್ರ ಅದು ಬಲ್ಲದು.

ಇನ್ನು ಕರ್ಮೇಂದ್ರಿಯಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ. ಮೊದಲು ಪಾಣಿ, ಎಂದರೆ ಕೈ. ಅಮೇರಿಕದ ಬ್ರೌನ್ ವಿಶ್ವವಿದ್ಯಾಲಯದ ಜಾನ್ ಡೊನಹ್ಯೂ ಮತ್ತು ಅವರ ಸಂಗಡಿಗರು ಬ್ರೈನ್‌ಗೇಟ್ ಎಂಬ ಹೆಸರಿನಿಂದ 2004ರಲ್ಲಿ ಒಬ್ಬ ತರುಣನ ಮಿದುಳಿನಲ್ಲಿ ಮೇಲೆ ಹೇಳಿದ ಬಿಲ್ಲೆಯನ್ನಿರಿಸಿದರು. ಅವನಿಗೆ 2001ರಲ್ಲಿ ಕುತ್ತಿಗೆಗೆ ಇರಿತವಾಗಿ ಕೈಕಾಲುಗಳೆಲ್ಲವೂ ಬಿದ್ದಿದ್ದವು. ಮೂರು ವರ್ಷಗಳ ಕಾಲ ಒಂದು ಸಾರಿಯೂ ನಡೆಯದ ಆಜ್ಞೆಗಳನ್ನು ಅವನ ಮಿದುಳು ಮರೆತಿರಬಹುದೇನೋ ಎಂಬ ಸಂದೇಹವು ಹಲವರಿಗೆ ಇದ್ದಿತು. ಮರೆತಿರಲಿಲ್ಲ. ಕೈಯನ್ನು ಸರಿಸಬೇಕೆಂದು ಅವನು ಬಗೆದೊಡನೆ ಕೋಶಗಳು ಮಿಡಿದವು. ಆ ಮಿಡಿತದಿಂದ ಅವನು ಪರದೆಯ ಮೇಲಿನ ಗುರುತನ್ನು ಓಡಾಡಿಸಿ ಕಾಗದಗಳನ್ನು ತೆರೆದನು, ಕೃತ್ರಿಮ ಹಸ್ತವನ್ನು ಮುಚ್ಚಿ ತೆರೆದನು. 2006ರಲ್ಲಿ ಈ ವರದಿಯು ಪ್ರಕಟವಾಯಿತು. 2011ರ ಏಪ್ರಿಲ್ ತಿಂಗಳಲ್ಲಿ, ಪಾರ್ಶ್ವವಾಯುವಿನಿಂದ ಸುಮಾರು 15 ವರ್ಷಗಳ ಕಾಲ ಕೈಕಾಲುಗಳ ಸ್ವಾಧೀನವೂ ಮಾತೂ ಇಲ್ಲದೆ ಇದ್ದ ಒಬ್ಬ ತಾಯಿಯು ಕೇವಲ ಸಂಕಲ್ಪಮಾತ್ರದಿಂದ ಯಂತ್ರದ ತೋಳನ್ನು ಚಾಚಿ, ಕಾಫಿಯ ಬಾಟಲಿಯನ್ನು ಹಿಡಿದು, ಬಾಯಿಯ ಬಳಿಗೆ ತಂದುಕೊಂಡು ಗುಟುಕರಿಸಿದಳು. ಇನ್ನೊಬ್ಬರ ಕೈಯನ್ನು ಕಾಯದೆ ತನ್ನಿಚ್ಛೆಯಂತೆ ಕುಡಿದದ್ದು ಅಷ್ಟು ವರ್ಷಗಳಲ್ಲಿ ಅದೇ ಮೊದಲು. ನಮಗೆ ದಿನಕ್ಕೆ ಹತ್ತು ಸಾರಿ ಒದಗುವ ಗುಟುಕು ಅದು.

ಹಿಡಿಯುವದಷ್ಟೇ ಸಾಲದು, ಮುಟ್ಟಿದ್ದು ತಿಳಿಯಬೇಕು. ಪಿಟ್ಸ್‌ಬರ್ಗ್ ಪಟ್ಟಣದ ಸಂಶೋಧಕರು ಮಿದುಳಿನ ಸ್ಪರ್ಶಸ್ಥಾನದಲ್ಲಿಯೂ ಮೊನೆಗಳನ್ನಿಟ್ಟು, ಯಂತ್ರದ ಬೆರಳಿಗೆ ವಸ್ತುವು ತಗುಲಿದಾಗ ಅಲ್ಲಿ ಕಿರಿದಾದ ವಿದ್ಯುತ್ತನ್ನು ಹರಿಯಿಸಿದರು. ರೋಗಿಗೆ ತನ್ನ ಬೆರಳನ್ನೇ ಮುಟ್ಟಿದಂತಾಯಿತು. ಈ ಸ್ಪರ್ಶವಿಲ್ಲದಾಗ ಒಂದು ವಸ್ತುವನ್ನು ಎತ್ತಿಡಲು ಸುಮಾರು 20.9 ಸೆಕೆಂಡುಗಳು ಹಿಡಿಯುತ್ತಿದ್ದುದು, ಸ್ಪರ್ಶವು ಕೂಡಿದ ಮೇಲೆ 10.2 ಸೆಕೆಂಡುಗಳಿಗೆ ಇಳಿಯಿತೆಂದು 2021ರ ವರದಿಯು ಹೇಳುವದು. ಕರ್ಮೇಂದ್ರಿಯವು ಜ್ಞಾನೇಂದ್ರಿಯದ ನೆರವಿಲ್ಲದೆ ಕುಂಟುವದೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯು ಬೇಕಾಗಿಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ವ್ಯಾಕರಣದಲ್ಲಿ ಒಂದು ಅಕ್ಷರದ ಸ್ಥಾನಕ್ಕೆ ಮತ್ತೊಂದು ಬಂದರೆ ಆದೇಶವೆನ್ನುವೆವು. ಯಂತ್ರದ ತೋಳು ಕೈಯ ಸ್ಥಾನದಲ್ಲಿ ಬಂದ ಆದೇಶವು. ಆದರೆ ಯಂತ್ರವು ಆದೇಶವಾಗಿ ನಿಲ್ಲದೆ, ಸ್ವಂತ ಕೈಗೆ ಗುರುವಾಗಿ ನಿಂತು, ಕಲಿಸಿ, ಹಿಂದೆ ಸರಿಯಲೂಬಹುದು. ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಪಾರ್ಶ್ವವಾಯುವಾಗಿ ಬಹುಕಾಲವಾದ 32 ರೋಗಿಗಳ ಮೇಲೆ ನಡೆದ ಪ್ರಯೋಗವು 2013ರಲ್ಲಿ ಪ್ರಕಟವಾಯಿತು. ಎಲ್ಲರ ಕೈಗೂ ಬೆರಳುಗಳನ್ನು ಚಲಿಸುವ ಒಂದು ಯಂತ್ರವನ್ನು ಕಟ್ಟಿದರು. ಅರ್ಧ ಜನರಲ್ಲಿ, ರೋಗಿಯು ಕೈಯನ್ನು ಆಡಿಸಬೇಕೆಂದು ಸಂಕಲ್ಪಿಸಿದ ಕ್ಷಣದಲ್ಲಿಯೇ ಯಂತ್ರವು ಕೈಯನ್ನು ಆಡಿಸುತ್ತಿದ್ದಿತು. ಉಳಿದರ್ಧ ಜನರಲ್ಲಿ ಸಂಕಲ್ಪಕ್ಕೂ ಚಲನೆಗೂ ಸಂಬಂಧವಿಲ್ಲದೆ ಮನಬಂದಂತೆ ಆಡಿಸುತ್ತಿದ್ದಿತು. ಅಂಗಮರ್ದನ, ವ್ಯಾಯಾಮಾದಿ ಚಿಕಿತ್ಸೆಗಳು ಇಬ್ಬರಿಗೂ ಒಂದೇ. ಫಲವಾದರೋ ಮೊದಲನೆಯ ಗುಂಪಿನವರಲ್ಲಿಯೇ ಹೆಚ್ಚಾಗಿ ಕಂಡಿತು. ಕೈಯನ್ನು ಬರಿದೆ ಆಡಿಸುವದರಿಂದ ಕೈ ಬರುವದಿಲ್ಲ. ಸಂಕಲ್ಪವೂ ಚಲನೆಯೂ ಒಂದೇ ಕ್ಷಣದಲ್ಲಿ ಕೂಡಿದರೆ ಮಿದುಳು ಹಳೆಯ ದಾರಿಯನ್ನು ಮತ್ತೆ ಹುಡುಕಿಕೊಳ್ಳುವದು. ಇದೇ ತತ್ತ್ವದ ಮೇಲೆ ನಿರ್ಮಿಸಿದ, ಟೊಪ್ಪಿಗೆ ಮತ್ತು ಕೈಪಟ್ಟಿಗಳಿಂದ ಕೂಡಿದ ಇಪ್ಸಿಹ್ಯಾಂಡ್ ಎಂಬ ಸಾಧನಕ್ಕೆ ಅಮೇರಿಕದ ಸರಕಾರದ ಔಷಧಾಧಿಕಾರಿಗಳು 2021ರ ಏಪ್ರಿಲ್‌ನಲ್ಲಿ ಅನುಮತಿಯನ್ನು ಕೊಟ್ಟರು. ಇದಕ್ಕೆ ತಲೆಯನ್ನು ತೆರೆಯಬೇಕಾಗಿಲ್ಲ. ಮನೆಯಲ್ಲಿ ಪಾರ್ಶ್ವವಾಯುವಾದವರ ಕೈಕಾಲುಗಳನ್ನು ತಿಕ್ಕಿ ಆಡಿಸುವ ಬಂಧುಗಳು ಇದರಿಂದ ಕಲಿಯಬೇಕಾದ ಪಾಠವೊಂದುಂಟು: ನೀವು ಆಡಿಸುವಾಗ ಅವರೂ ಆಡಿಸಲು ಮನಸಾರೆ ಯತ್ನಿಸುವಂತೆ ಕೇಳಿಕೊಳ್ಳಿರಿ.

ಎರಡನೆಯದು ಪಾದ. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಗ್ರೆಗ್ವಾರ್ ಕೂರ್ಟೀನ್ ಎಂಬ ವಿಜ್ಞಾನಿಯೂ ಜೋಸ್ಲಿನ್ ಬ್ಲಾಕ್ ಎಂಬ ಶಸ್ತ್ರವೈದ್ಯೆಯೂ ಕೂಡಿ, ಕಡಿದ ದಾರಿಗೆ ಸೇತುವೆ ಹಾಕುವ ಉಪಾಯವನ್ನು ಕೈಕೊಂಡರು. 2011ರಲ್ಲಿ ಸೈಕಲ್ಲಿನ ಅಪಘಾತದಿಂದ ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದ ಒಬ್ಬನ ಮಿದುಳಿನ ಮೇಲೆ ಎರಡು ಗ್ರಾಹಕಗಳನ್ನೂ ಕೆಳಗಡೆ ಬೆನ್ನುಹುರಿಯ ಮೇಲೆ 16 ಮೊನೆಗಳ ಪ್ರಚೋದಕವನ್ನೂ ಇರಿಸಿದರು. ಮೇಲಿನಿಂದ ಹಿಡಿದ ಆಜ್ಞೆಯನ್ನು ತಂತಿಯಿಲ್ಲದೆ ಕೆಳಗೆ ಮುಟ್ಟಿಸಿದರು. ಅವನು ಊರೆಗೋಲುಗಳನ್ನು ಹಿಡಿದು ನಡೆದನು, ಮೆಟ್ಟಿಲೇರಿದನು. 2023ರಲ್ಲಿ ಪ್ರಕಟವಾದ ಈ ವರದಿಯಲ್ಲಿ ಆಶ್ಚರ್ಯಕರವಾದ ಸಂಗತಿಯೆಂದರೆ, ಅಭ್ಯಾಸವಾದ ಮೇಲೆ ಯಂತ್ರವನ್ನು ಆರಿಸಿದಾಗಲೂ ಅವನ ನಡಿಗೆಯು ಮೊದಲಿಗಿಂತ ಸುಧಾರಿಸಿದ್ದಿತು. ಇಲ್ಲಿಯೂ ಯಂತ್ರವು ಗುರುವಾದದ್ದನ್ನು ಕಾಣುವೆವು. ಆದರೆ ಇದು ಒಬ್ಬನ ವೃತ್ತಾಂತವು; ಒಬ್ಬನಿಗಾದದ್ದು ಎಲ್ಲರಿಗೂ ಆಗುವದೆಂದು ಸಾಧಿಸುವದು ಹೇತ್ವಾಭಾಸವಾದೀತು.

ಮೂರನೆಯದು ವಾಕ್ಕು. 1988ರಲ್ಲಿ ಫಾರ್ವೆಲ್ ಮತ್ತು ಡಾನ್‌ಚಿನ್ ಎಂಬಿಬ್ಬರು 36 ಮನೆಗಳ ಒಂದು ಅಕ್ಷರಪಟವನ್ನು ಪರದೆಯ ಮೇಲೆ ಮಿನುಗಿಸಿ, ಬೇಕಾದ ಅಕ್ಷರವು ಮಿನುಗಿದಾಗ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದಷ್ಟು ಹೊತ್ತಿನಲ್ಲಿ ಮಿದುಳಿನಲ್ಲಿ ಏಳುವ ಅಲೆಯನ್ನು ಗುರುತಿಸಿದರು. ಬೋಬಿಯ ರೆಪ್ಪೆಯ ಕೆಲಸವನ್ನು ಇಲ್ಲಿ ಮಿದುಳಿನ ಅಲೆಯೇ ಮಾಡುವದು. ಆದರೆ ನಿಮಿಷಕ್ಕೆ ಎರಡೇ ಅಕ್ಷರಗಳು. 2021ರಲ್ಲಿ, ಕೈ ಬಿದ್ದ ಒಬ್ಬನು ಲೇಖನಿಯಿಂದ ಬರೆಯುತ್ತಿರುವಂತೆ ಬಗೆದ ಮಾತ್ರಕ್ಕೆ ನಿಮಿಷಕ್ಕೆ 90 ಅಕ್ಷರಗಳು ಪರದೆಯ ಮೇಲೆ ಮೂಡಿದವು. 2023ರಲ್ಲಿ ಕ್ಯಾಲಿಫೋರ್ನಿಯಾದ ಎರಡು ಸಂಶೋಧಕಮಂಡಲಿಗಳು ಬಾಯಿ ನಾಲಿಗೆಗಳ ಆಜ್ಞೆಗಳನ್ನೇ ಹಿಡಿದು ನಿಮಿಷಕ್ಕೆ 62 ಮತ್ತು 78 ಮಾತುಗಳ ವೇಗವನ್ನು ಸಾಧಿಸಿದವು. ಎರಡನೆಯದರಲ್ಲಿ ಪಾಲುಗೊಂಡ ಮಹಿಳೆಯು 2005ರಲ್ಲಿ, ತನ್ನ 30ನೆಯ ವಯಸ್ಸಿನಲ್ಲಿ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವಳು; ಅವಳ ಮದುವೆಯ ಕಾಲದ ಚಿತ್ರಸುರುಳಿಯಿಂದ ಅವಳ ಹಳೆಯ ಕಂಠಧ್ವನಿಯನ್ನು ಸಂಗ್ರಹಿಸಿ, ಅದೇ ಧ್ವನಿಯಲ್ಲಿ ಯಂತ್ರವು ಅವಳ ಮಾತನ್ನು ನುಡಿಯಿತು. 2024ರಲ್ಲಿ ಎ.ಎಲ್.ಎಸ್. ರೋಗಿಯೊಬ್ಬನಲ್ಲಿ, 1,25,000 ಶಬ್ದಗಳ ಭಂಡಾರದೊಳಗಿಂದ ನೂರಕ್ಕೆ 97ರಷ್ಟು ಮಾತುಗಳು ತಪ್ಪಿಲ್ಲದೆ ಹೊರಬಂದವು.

ಈ ಸಾಧನೆಗಳೆಲ್ಲ ಇಂಗ್ಲಿಷ್ ನುಡಿಯವು. ನಮ್ಮ ಕನ್ನಡಕ್ಕೆ ಸ್ವರವ್ಯಂಜನಗಳಲ್ಲದೆ ಕಾಗುಣಿತವೂ ಒತ್ತಕ್ಷರಗಳೂ ಇರುವವು; ವಿಭಕ್ತಿಪ್ರತ್ಯಯಗಳು ಸಾಲುಸಾಲಾಗಿ ಶಬ್ದಕ್ಕೆ ಹತ್ತುವವು. 36 ಮನೆಗಳ ಪಟದಲ್ಲಿ ಇವು ಹಿಡಿಸಲಾರವು. ಕನ್ನಡಿಗನಾದ ರೋಗಿಯು ತನ್ನ ತಾಯ್ನುಡಿಯಲ್ಲಿ ಮಗನನ್ನು ಕರೆಯಬೇಕಾದರೆ, ಯಾವ ಅಕ್ಷರವು ಎಷ್ಟು ಸಾರಿ ಬರುವದು, ಯಾವ ಪ್ರತ್ಯಯದ ಮುಂದೆ ಯಾವದು ನಿಲ್ಲುವದು ಎಂಬದನ್ನು ನಮ್ಮ ವೈಯಾಕರಣರೂ ಯಂತ್ರಜ್ಞರೂ ಕೂಡಿ ಕುಳಿತು ಸಿದ್ಧಪಡಿಸಬೇಕು. ಪಾಠಶಾಲೆಯ ವಿದ್ಯೆಗೂ ಇಲ್ಲಿ ಕೆಲಸವುಂಟೆಂದು ನಾನು ಸಂತೋಷದಿಂದ ಹೇಳುತ್ತೇನೆ.

ಉಳಿದ ಎರಡು ಕರ್ಮೇಂದ್ರಿಯಗಳನ್ನು ಕುರಿತು ಸಭೆಯಲ್ಲಿ ಮಾತಾಡಲು ಸಂಕೋಚಪಡುವದು ವಾಡಿಕೆ. ಆದರೆ ಆ ಸಂಕೋಚದಿಂದ ರೋಗಿಗಳಿಗೆ ಅನ್ಯಾಯವಾಗಿದೆ. ಬೆನ್ನುಹುರಿಗೆ ಪೆಟ್ಟಾದ 681 ಜನರನ್ನು, ನಿಮಗೆ ಯಾವ ಶಕ್ತಿಯು ಮೊದಲು ಮರಳಿ ಬರಬೇಕೆಂದು ಅಮೇರಿಕದ ಸಂಶೋಧಕಿಯೊಬ್ಬರು ಕೇಳಿ, 2004ರಲ್ಲಿ ಉತ್ತರಗಳನ್ನು ಪ್ರಕಟಿಸಿದರು. ಕೈಕಾಲು ನಾಲ್ಕೂ ಬಿದ್ದವರು ಮೊದಲು ಕೈಯನ್ನು ಕೇಳಿದರು. ಕಾಲು ಮಾತ್ರ ಬಿದ್ದವರು ದಾಂಪತ್ಯಶಕ್ತಿಯನ್ನು ಕೇಳಿದರು. ಮಲಮೂತ್ರಗಳ ಹತೋಟಿಯು ಬರಬೇಕೆಂಬದು ಎರಡು ವರ್ಗದವರಿಗೂ ಮುಖ್ಯವಾಗಿದ್ದಿತು. ನೋಡುವವರ ಕಣ್ಣಿಗೆ ನಡಿಗೆಯೇ ದೊಡ್ಡ ಪವಾಡವಾಗಿ ತೋರುವದು. ಅನುಭವಿಸುವವರ ಮನಸ್ಸಿಗೆ ಮಾನವನ್ನು ಕಾಯುವ ಸಣ್ಣ ಸಂಗತಿಗಳೇ ದೊಡ್ಡವು. ಕೇಳಿದ್ದರಿಂದ ಇದು ತಿಳಿಯಿತು, ಕೇಳದಿದ್ದರೆ ತಿಳಿಯುತ್ತಿರಲಿಲ್ಲ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುವೆನು. ರೆಪ್ಪೆಯೂ ಆಡದವರ ಗತಿಯೇನು? 2006ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಡ್ರಿಯನ್ ಓವೆನ್ ಎಂಬವರು, ಅಪಘಾತದ ತರುವಾಯ ಪ್ರಜ್ಞೆಯಿಲ್ಲವೆಂದು ವೈದ್ಯರು ನಿರ್ಣಯಿಸಿದ್ದ ಒಬ್ಬ ತರುಣಿಗೆ, ಚೆಂಡಾಟವಾಡುತ್ತಿರುವಂತೆ ಬಗೆಯೆಂದೂ, ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆ ಬಗೆಯೆಂದೂ ಹೇಳಿ, ಮಿದುಳಿನ ಚಿತ್ರವನ್ನು ತೆಗೆದರು. ಆರೋಗ್ಯವಂತರಲ್ಲಿ ಯಾವ ಯಾವ ಭಾಗಗಳು ಎಚ್ಚರಗೊಳ್ಳುವವೋ ಅವೇ ಭಾಗಗಳು ಅವಳಲ್ಲಿಯೂ ಎಚ್ಚರಗೊಂಡವು. ಅವಳು ಕೇಳುತ್ತಿದ್ದಳು. ಈ ಪರೀಕ್ಷೆಯನ್ನು ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ನಡೆಯಿಸಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೇಳಿದ ಮಾತಿಗೆ ಹೊರಗೆ ಯಾವ ಚೇಷ್ಟೆಯನ್ನೂ ತೋರದ 241 ರೋಗಿಗಳ ಪೈಕಿ 60 ಜನರ ಮಿದುಳು ಆ ಮಾತನ್ನು ಅನುಸರಿಸಿತೆಂದು ತಿಳಿದುಬಂದಿದೆ. ನಾಲ್ವರಲ್ಲಿ ಒಬ್ಬರು! ಸದ್ಭಕ್ತರೇ, ಆ ಹಾಸಿಗೆಗಳ ಬಳಿಯಲ್ಲಿ ನಿಂತು ಇವರಿಗೇನೂ ತಿಳಿಯದೆಂದು ಬಂಧುಗಳು ಏನೇನು ಆಡಿರಬಹುದು, ಯಾವ ಯಾವ ನಿಶ್ಚಯಗಳನ್ನು ಮಾಡಿರಬಹುದು, ವಿಚಾರಿಸಿರಿ.

ಇನ್ನೊಂದು ಅಂಶವು. ಇಂತಹ ಬಾಳು ಬಾಳೇ ಅಲ್ಲವೆಂದು ಹೊರಗಿನವರು ಸುಲಭವಾಗಿ ತೀರ್ಪು ಕೊಡುವರು. ಲಾಕ್ಡ್-ಇನ್ ಸ್ಥಿತಿಯಲ್ಲಿರುವವರನ್ನೇ ಕೇಳಿ 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಪರಿಗಣಿಸಲ್ಪಟ್ಟ 65 ಜನರಲ್ಲಿ 47 ಜನರು ತಾವು ಸಂತೋಷದಿಂದಿರುವೆವೆಂದು ಉತ್ತರವಿತ್ತರು. 18 ಜನರು ಸಂತೋಷವಿಲ್ಲವೆಂದರು. ಆ 18 ಜನರ ಉತ್ತರವೂ ಸತ್ಯವೇ, ಅವರಿಗೂ ಕಿವಿಗೊಡಬೇಕು. ತಾತ್ಪರ್ಯವೇನೆಂದರೆ, ಇಬ್ಬರ ಪರವಾಗಿಯೂ ನಾವು ಉತ್ತರ ಕೊಡಲು ಅಧಿಕಾರಿಗಳಲ್ಲ.

ಪೂರ್ವಪಕ್ಷವನ್ನು ಮುಚ್ಚಿಡುವದು ವಿದ್ವತ್ಸಂಪ್ರದಾಯವಲ್ಲ. ಆದುದರಿಂದ ಈ ವಿದ್ಯೆಯ ದೋಷಗಳನ್ನೂ ಹೇಳುವೆನು. ಒಂದು, ಆತುರದ ಪ್ರತಿಜ್ಞೆಗಳು. ರೆಪ್ಪೆಯೂ ಆಡದ ರೋಗಿಗಳು ತಲೆಗೆ ತೊಡಿಸಿದ ಸಾಧನದಿಂದ ಉತ್ತರ ಕೊಟ್ಟರೆಂದು 2017ರಲ್ಲಿ ಪ್ರಕಟವಾದ ಒಂದು ಪ್ರಬಂಧವನ್ನು, ವಿಚಾರಣೆಯಾದ ಮೇಲೆ 2019ರಲ್ಲಿ ಪತ್ರಿಕೆಯವರು ಹಿಂತೆಗೆದುಕೊಂಡರು. ಆಶೆಗೊಂಡ ಕುಟುಂಬಗಳಿಗೆ ಅದರಿಂದಾದ ನೋವು ಅಳತೆಗೆ ಸಿಕ್ಕದು. ಎರಡು, ಶಸ್ತ್ರಚಿಕಿತ್ಸೆಯ ಅಪಾಯ, ಸೋಂಕಿನ ಭಯ, ಒಳಗಿಟ್ಟ ಮೊನೆಗಳು ಕಾಲಕ್ರಮದಲ್ಲಿ ಮಂದವಾಗುವದು. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿಯವರು ಮೊದಲ ರೋಗಿಯ ಮಿದುಳಿನಲ್ಲಿರಿಸಿದ ಎಳೆಗಳಲ್ಲಿ ಹೆಚ್ಚಿನವು ಕೆಲವೇ ವಾರಗಳಲ್ಲಿ ಸ್ಥಾನ ಬಿಟ್ಟು ಸರಿದವು. ಗಣಕಯಂತ್ರದ ಲೆಕ್ಕಾಚಾರವನ್ನು ಬದಲಿಸಿ ಕೆಲಸವನ್ನು ಮುಂದುವರಿಸಬೇಕಾಯಿತು. ಮೂರು, ಒಳಗಿನ ಮಿಡಿತಗಳ ಗುಟ್ಟನ್ನು ಕಾಯುವವರಾರು? ಚಿಲಿ ದೇಶವು 2021ರಲ್ಲಿ ತನ್ನ ರಾಜ್ಯಘಟನೆಯನ್ನೇ ತಿದ್ದಿ ಮಿದುಳಿನ ವ್ಯಾಪಾರಗಳಿಗೆ ರಕ್ಷಣೆಯನ್ನು ಕೊಟ್ಟಿತು.

ನಾಲ್ಕನೆಯದೇ ಎಲ್ಲಕ್ಕಿಂತ ಘೋರವಾದದ್ದು. ಆಸ್ಟ್ರೇಲಿಯಾದಲ್ಲಿ ಅಪಸ್ಮಾರದಿಂದ ನರಳುತ್ತಿದ್ದ ಒಬ್ಬ ಮಹಿಳೆಗೆ, ಮೂರ್ಛೆಯು ಬರುವದನ್ನು ಮುಂಚಿತವಾಗಿ ಸೂಚಿಸುವ ಸಾಧನವನ್ನು 2010ರಲ್ಲಿ ಮಿದುಳಿನಲ್ಲಿ ಇರಿಸಿದ್ದರು. ಅದರಿಂದ ಅವಳಿಗೆ ಧೈರ್ಯ ಬಂದು ಬಾಳು ಹೊಸದಾಯಿತು. ಕೆಲಕಾಲದ ಮೇಲೆ ಕಂಪನಿಯ ಹಣವು ಮುಗಿಯಿತು. ಅವಳು ಬೇಡವೆಂದರೂ ಸಾಧನವನ್ನು ಹೊರತೆಗೆಯಬೇಕಾಯಿತು. ಕುರುಡರ ಕಣ್ಣಿನೊಳಗೆ ಇರಿಸುವ ಸಾಧನವೊಂದನ್ನು ಜಗತ್ತಿನಲ್ಲಿ 350ಕ್ಕೂ ಮಿಕ್ಕಿದ ಜನರು ಪಡೆದಿದ್ದರು. ಅದನ್ನು ಮಾಡಿದ ಕಂಪನಿಯು ಆ ವ್ಯಾಪಾರವನ್ನು ಕೈಬಿಟ್ಟುದರಿಂದ, ಕೆಟ್ಟರೆ ಸರಿಪಡಿಸುವವರೇ ಇಲ್ಲದಂತಾಯಿತು. ಕೊಟ್ಟ ಕೈಯನ್ನು ಕಸಿದುಕೊಳ್ಳುವದಕ್ಕಿಂತ ಕೊಡದಿರುವದು ಲೇಸೆಂದು ಹೇಳುವಷ್ಟು ನಾನು ನಿಷ್ಠುರನಲ್ಲ. ಆದರೆ ಕೊಡುವವರು ಕಡೆಯ ತನಕ ಕಾಯುವ ಹೊಣೆಯನ್ನೂ ಹೊರಬೇಕೆಂದು ಕಾಯಿದೆಯು ವಿಧಿಸಬೇಕು.

ನಮ್ಮ ದೇಶದಲ್ಲಿ 2011ರ ಜನಗಣತಿಯಂತೆ ಅಂಗವಿಕಲರು 2.68 ಕೋಟಿ, ಕರ್ನಾಟಕದಲ್ಲಿಯೇ 13 ಲಕ್ಷಕ್ಕೂ ಮಿಕ್ಕಿ. ಅವರಲ್ಲಿ ಬಹುಜನರಿಗೆ ಇಂದು ಬೇಕಾಗಿರುವದು ಮಿದುಳಿನ ಯಂತ್ರವಲ್ಲ. ಗಾಲಿಕುರ್ಚಿ, ಅದು ಏರಬಲ್ಲ ಇಳಿಜಾರು ದಾರಿ, ಹಾಸಿಗೆಹುಣ್ಣಾಗದಂತೆ ಮಗ್ಗುಲು ಬದಲಿಸುವ ಕೈ, ನುರಿತವರ ಅಂಗಸಾಧನೆಯ ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಂತಹ ಸ್ಥಳಗಳಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿರುವದನ್ನು ಹಳ್ಳಿಯ ಜನರಿಗೆ ತಿಳಿಸುವದೂ ಒಂದು ಸೇವೆಯೇ. ಹೊಸ ಯಂತ್ರದ ವಾರ್ತೆಯು ಈ ಹಳೆಯ ಅಗತ್ಯಗಳನ್ನು ಮರೆಸಬಾರದು.

ಹಾಗಾದರೆ ಈ ಯಂತ್ರವಾರ್ತೆಯಿಂದ ಇಲ್ಲಿ ಕುಳಿತಿರುವ ನಮಗೆ ಪ್ರಯೋಜನವೇನು? ಪ್ರಯೋಜನವಿದೆ. ಯಂತ್ರವು ಯಾರಿಗೂ ಸಂಕಲ್ಪವನ್ನು ಕೊಡಲಿಲ್ಲ. ಇದ್ದ ಸಂಕಲ್ಪವನ್ನು ಹೊರಗೆ ತಂದು ತೋರಿಸಿತು, ಅಷ್ಟೇ. 15 ವರ್ಷ ಸುಮ್ಮನೆ ಮಲಗಿದ ತಾಯಿಯೊಳಗೆ ಗುಟುಕು ಕಾಫಿಯ ಇಚ್ಛೆಯು ಮೊದಲಿನಿಂದಲೂ ಇದ್ದಿತು. ಅದನ್ನು ನಂಬುವದಕ್ಕೆ ನಮಗೆ ಯಂತ್ರವು ಬೇಕಾಯಿತೆಂಬದು ನಮ್ಮ ನ್ಯೂನತೆ. ಇನ್ನು ಮೇಲೆ ಅಲುಗಾಡದವರನ್ನು ಅರಿವಿಲ್ಲದವರೆಂದು ಎಣಿಸತಕ್ಕದ್ದಲ್ಲ.

ಆದುದರಿಂದ ತಮ್ಮಲ್ಲಿ ನನ್ನ ವಿಜ್ಞಾಪನೆಯು ಇಷ್ಟು. ಮನೆಯಲ್ಲಾಗಲಿ ಓಣಿಯಲ್ಲಾಗಲಿ ಮಾತು ನಿಂತವರು ಮಲಗಿದ್ದರೆ, ಅವರೆದುರಿಗೆ ಅವರನ್ನು ಕುರಿತು ಇಲ್ಲದವರಂತೆ ಮಾತಾಡಬೇಡಿರಿ, ಅವರೊಡನೆಯೇ ಮಾತಾಡಿರಿ. ಒಂದು ಸಾರಿ ಮಿಟುಕಿಸಿದರೆ ಹೌದು, ಎರಡು ಸಾರಿ ಮಿಟುಕಿಸಿದರೆ ಅಲ್ಲ, ಎಂದು ಒಂದು ಸಂಕೇತವನ್ನು ಗೊತ್ತುಮಾಡಿಕೊಳ್ಳಿರಿ. ಒಂದು ರಟ್ಟಿನ ಮೇಲೆ ವರ್ಣಮಾಲೆಯನ್ನು ದೊಡ್ಡದಾಗಿ ಬರೆದು ಒಂದೊಂದೇ ಅಕ್ಷರವನ್ನು ತೋರಿಸಿರಿ; ಇದಕ್ಕೆ ಹಣವು ಬೇಡ, ಶಸ್ತ್ರವೈದ್ಯರು ಬೇಡ. ಊಟವೇ, ನೀರೇ, ಮಗ್ಗುಲು ಬದಲಿಸಲೇ ಎಂದು ಕೇಳಿರಿ. ಕೇಳಿದ ಮೇಲೆ ಕಾಯಿರಿ. ಉತ್ತರವು ತಡವಾಗಿ ಬರಬಹುದು. ಅವರು ಬೇಡವೆಂದರೆ ಆ ಬೇಡವನ್ನೂ ಮನ್ನಿಸಿರಿ; ಏಕೆಂದರೆ ಬೇಡವೆನ್ನುವ ಶಕ್ತಿಯೇ ಸ್ವಾತಂತ್ರ್ಯದ ಮೊದಲನೆಯ ಅಕ್ಷರವು. ಮುಂದೊಂದು ದಿನ ಕನ್ನಡವನ್ನಾಡುವ ಯಂತ್ರವು ನಮ್ಮ ಊರುಗಳಿಗೂ ಬರಲಿ. ಅದು ಬರುವ ತನಕ ಅಕ್ಷರಗಳನ್ನು ಹೇಳುವ ಬಾಯಿಯೂ ಕಾಯುವ ಕಣ್ಣೂ ನಾವೇ ಆಗಿರಬೇಕು.